ಮೈಲಿಗೆ ಇಲ್ಲದ ಕಂಬಳಿ ಮತ್ತು ನನ್ನ ಜ್ವರ

ಜ್ವರದಿಂದ ಎದ್ದು ಕೂತ ಮೇಲೆ ನನ್ನನ್ನು ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: ಡೆಂಗಿಯೋ, ಟೈಫಾಯ್ಡೋ? ಎರಡೂ ಅಲ್ಲ, ಉಣ್ಣಿ ಕಚ್ಚಿ ಬಂದ ಜ್ವರ ಎಂದರೆ ಅವರ ಮುಖ ಒಂಥರಾ ಆಗುತ್ತಿತ್ತು. ಉಣ್ಣಿ ಎಂದರೆ ಕುರಿ, ದನ, ನಾಯಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ. ಅದು ಪಾರ್ವತಿನಗರದ, ದಿನಾ ಫಿನಾಯಿಲ್ ಹಾಕಿ ಒರೆಸುವ ಮನೆಗೆ ಬಂದದ್ದು ಹೇಗೆ? ಒಬ್ಬರಂತೂ ಮಾತಾಡುತ್ತಲೇ ಮೆಲ್ಲಗೆ ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡರು. ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಹೋದರು. ಅವತ್ತು ನನಗೆ ಸಿಟ್ಟು ಬಂದಿತ್ತು, ನಾಚಿಕೆಯೂ ಆಗಿತ್ತು. ಈಗ ಎರಡೂ ಇಲ್ಲ. ಬದುಕಿದ್ದೇನೆ, ಅದೇ ದೊಡ್ಡದು. ನನ್ನ ಹಾಗೆ ಗುಡ್ಡ ಸುತ್ತುವ ಹುಚ್ಚು ಹತ್ತಿಸಿಕೊಂಡವರು, ಜ್ವರ ಬಂದು ಮೈಮೇಲೆ ಕೆಂಪು ಚುಕ್ಕೆ ಎದ್ದು ಏನಂತ ತಿಳಿಯದೆ ಮಲಗಿದವರು ಯಾರಾದರೂ ಇದ್ದರೆ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಸುಮಂಗಲಾ, ಜೀನ್ಸ್ ಪ್ಯಾಂಟು ಕತ್ತರಿಸುವವಳು. ಬಳ್ಳಾರಿಯಲ್ಲಿ ಇದು ಹೇಳಿಕೊಳ್ಳುವಂಥ ವಿಶೇಷವೇನಲ್ಲ, ಗಲ್ಲಿಗೊಂದು ಹೊಲಿಗೆಯ ಶೆಡ್ಡು ಇದೆ. ನಮ್ಮದೂ ಒಂದು, ಮನೆಯ ಹಿಂದೆಯೇ. ನಾನು ಬಟ್ಟೆ ಕತ್ತರಿಸುತ್ತೇನೆ, ನಸೀಮಾ ಜಿಪ್ಪು ಗುಂಡಿ ನೋಡಿಕೊಳ್ಳುತ್ತಾಳೆ, ನನ್ನ ಗಂಡ ಬಸವರಾಜ ಮಾಲು ತಲುಪಿಸುತ್ತಾರೆ. ದಿನವಿಡೀ ಮೇಜಿನ ಮುಂದೆ ನಿಂತು ಸೊಂಟ ಹಿಡಿದುಕೊಂಡಾಗ ಓಣಿಯ ಡಾಕ್ಟರು ನಡಿಗೆ ಶುರು ಮಾಡಿ ಎಂದರು. ಊರೊಳಗಿನ ಗುಡ್ಡ ಹತ್ತಿದರೆ ಗುರುತಿನವರು ಸಿಗುತ್ತಾರೆ, ನಾವು ಏದುಸಿರು ಬಿಡುವುದನ್ನು ನೋಡಿ ನಗುತ್ತಾರೆ. ಅದಕ್ಕೆ ನಸೀಮಾಳೇ ಉಪಾಯ ಹೇಳಿದಳು.

"ಅಕ್ಕಾ, ಕುರುಗೋಡಿಗಿ ಹೋಗೋಣು. ಅಲ್ಲಿ ನಮ್ಮನ್ನ ಕೇಳೋರು ಯಾರೂ ಇಲ್ಲ. ಬಿದ್ರೂ ಎದ್ದು ಬರಬಹುದು, ಯಾರಿಗೂ ಗೊತ್ತಾಗಂಗಿಲ್ಲ."

ಹೀಗೆ ಭಾನುವಾರ ಬೆಳಗಿನ ಬಸ್ಸು ಹಿಡಿದು ಕುರುಗೋಡಿನ ಗುಡ್ಡ ಸುತ್ತುವುದು ಶುರುವಾಯಿತು. ಬಂಡೆಗಳ ಸಂದಿಯಲ್ಲಿ ತೂರುವುದು, ಹಳೆಯ ಮಂಟಪ ಕಂಡಲ್ಲಿ ನೆರಳಿಗೆ ನಿಲ್ಲುವುದು, ಸೀತಾಫಲದ ಗಿಡಗಳಲ್ಲಿ ನುಗ್ಗಿ ಆಚೆ ಏನಿದೆ ಎಂದು ನೋಡುವುದು. ಆಚೆ ಏನೂ ಇರುತ್ತಿರಲಿಲ್ಲ, ಇನ್ನೊಂದು ಬಂಡೆ ಇರುತ್ತಿತ್ತು. ಆದರೂ ನಲವತ್ತು ದಾಟಿದ ಮೇಲೆ ಇಂಥ ಖುಷಿ ಸಿಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಊರಿಗೆಲ್ಲ ಪ್ಯಾಂಟು ಕತ್ತರಿಸುವ ನಾನು ಹೋಗುತ್ತಿದ್ದದ್ದು ಮಾತ್ರ ಸೀರೆಯುಟ್ಟು, ಹವಾಯಿ ಚಪ್ಪಲಿ ಮೆಟ್ಟಿಕೊಂಡು. ಪ್ಯಾಂಟು ಹಾಕಿಕೊಂಡರೆ ಜನ ಏನಂದಾರು ಎಂಬ ಅಂಜಿಕೆ. ನಮ್ಮನ್ನು ಕೇಳುವವರೇ ಇಲ್ಲದ ಊರಿಗೆ ಹೋಗಿಯೂ ಆ ಅಂಜಿಕೆ ಬಿಟ್ಟಿರಲಿಲ್ಲ.

ಬುತ್ತಿ ಬಿಚ್ಚಲು ನಮಗೊಂದು ಖಾಯಂ ಜಾಗವಿತ್ತು, ಗುಡ್ಡದ ಬುಡದ ಹುಣಸೆ ಮರ. ಮಧ್ಯಾಹ್ನದ ಬಿಸಿಲಿಗೆ ಕುರಿಗಾರರು ಮಂದೆಯನ್ನು ಅಲ್ಲೇ ನಿಲ್ಲಿಸುತ್ತಿದ್ದರು, ಅವರ ನಾಯಿಗಳೂ ಅಲ್ಲೇ ಹೊರಳಾಡುತ್ತಿದ್ದವು. ನಾವು ಬೆಳಗ್ಗೆ ಹೋಗುವ ಹೊತ್ತಿಗೆ ಯಾರೂ ಇರುತ್ತಿರಲಿಲ್ಲ, ಕುರಿ ಹಿಕ್ಕೆ ಮತ್ತು ತಂಪು ನೆರಳು ಇರುತ್ತಿದ್ದವು. ನಾನು ಹಿಕ್ಕೆ ಸರಿಸಿ ಒಣಹುಲ್ಲಿನ ಮೇಲೆ ಕಂಬಳಿ ಹಾಸುತ್ತಿದ್ದೆ. ನಸೀಮಾಗೆ ಕಂಬಳಿ ಚುಚ್ಚುತ್ತದಂತೆ. ಅವಳು ಬಟ್ಟೆಯ ಥಾನಿಗೆ ಸುತ್ತಿ ಬರುವ ಪ್ಲಾಸ್ಟಿಕ್ ಹಾಳೆ ತಂದು, ಬಿಸಿಲು ಬೀಳುವ ಬಂಡೆಯ ಮೇಲೆ ಹಾಸಿಕೊಂಡು ಕೂಡುತ್ತಿದ್ದಳು. "ಏನ್ ನಾಜೂಕು ಮೈಯಿ ನಿಂದು, ನವಾಬರ ಮಗಳೇನು ನೀನು?" ಎಂದು ನಾನು ಕಾಡಿಸುತ್ತಿದ್ದೆ.

ಆ ಕಂಬಳಿ ನಮ್ಮತ್ತೆ ಈರಮ್ಮನದು. ಅವರ ತವರು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ. ಅಲ್ಲಿ ಭತ್ತ ಕೊಯ್ದ ಮೇಲೆ ಗೊಬ್ಬರಕ್ಕೆಂದು ಗದ್ದೆಯಲ್ಲಿ ಕುರಿ ಮಂದೆ ನಿಲ್ಲಿಸುತ್ತಾರೆ. ಹಾಗೆ ವರ್ಷಾ ವರ್ಷಾ ಬರುತ್ತಿದ್ದ ಕುರಿಗಾರರೊಬ್ಬರು ನೇಯಿಸಿ ಕೊಟ್ಟ ಕರಿ ಕಂಬಳಿ ಅದು. ಅತ್ತೆ ಬೆಳಗ್ಗೆ ಅದರ ಮೇಲೆ ಕೂತು ಲಿಂಗಪೂಜೆ ಮಾಡುತ್ತಿದ್ದರು, ರಾತ್ರಿ ಅದನ್ನೇ ಹಾಸಿ ಮಲಗುತ್ತಿದ್ದರು. ನಾನು ಮೊದಲ ಸಲ ಗುಡ್ಡಕ್ಕೆ ಹೊರಟಾಗ ಅವರೇ ಕೊಟ್ಟರು.

"ಒಯ್ಯಿ. ಬರೇ ಹುಲ್ಲಾಗ ಕುಂತ್ರ ಹುಳಾ ಹುಪ್ಪಡಿ ಕಚ್ತಾವು."

"ನಿಮ್ಮ ಪೂಜಿದು ಐತಲ್ರಿ ಅತ್ತೀ."

"ಕಂಬಳಿಗಿ ಏನ್ ಮೈಲಿಗಿ ಐತಿ?"

ಕಂಬಳಿಗೆ ಮೈಲಿಗೆ ಇಲ್ಲ ಎಂಬುದು ನಮ್ಮ ಕಡೆ ಎಲ್ಲರೂ ಒಪ್ಪಿಕೊಂಡ ಸಂಗತಿ. ಹೊರಗಿನಿಂದ ಬಂದರೆ ಚಪ್ಪಲಿ ಬಾಗಿಲಾಚೆ, ಕಾಲು ತೊಳೆದೇ ಒಳಗೆ, ಸೀರೆ ಬದಲಿಸದೆ ಅಡುಗೆ ಮನೆಗೆ ಹೋಗುವಂತಿಲ್ಲ. ನನ್ನ ಕೈಚೀಲವನ್ನೂ ಅತ್ತೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಂಬಳಿಗೆ ಮಾತ್ರ ಯಾವ ತಪಾಸಣೆಯೂ ಇಲ್ಲ. ಅದನ್ನು ಒಗೆಯುವುದಿಲ್ಲ, ಬಿಸಿಲಿಗೆ ಹಾಕುವುದಿಲ್ಲ, ಕೊಡವಬೇಕು ಎಂದು ಹೊಳೆಯುವುದೂ ಇಲ್ಲ. ಹುಣಸೆ ಮರದ ಕೆಳಗೆ ಮಡಚಿದ್ದು ನೇರ ದೇವರ ಕೋಣೆಗೆ ಹೋಗುತ್ತಿತ್ತು.

ಚಳಿಗಾಲ ಮುಗಿಯುತ್ತ ಬಂದಾಗ ಜ್ವರ ಬಂತು. ಮೊದಲು ಬಂದದ್ದು ತಲೆನೋವು. ಕಣ್ಣುಗುಡ್ಡೆಯ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ. ಕತ್ತರಿ ಹಿಡಿದರೆ ಬೆರಳ ಗೆಣ್ಣೆಲ್ಲ ನೋವು. ಓಣಿಯ ಡಾಕ್ಟರು ಮಾತ್ರೆ ಕೊಟ್ಟರು, ಇಳಿಯಿತು, ಮತ್ತೆ ಏರಿತು. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಲ್ಯಾಬಿನ ಮುಂದಿನ ಬೆಂಚಿನ ಮೇಲೆ ಗೋಡೆಗೆ ತಲೆ ಒರಗಿಸಿ ಕೂತಾಗ ಪಕ್ಕದ ಹೆಂಗಸು ತನ್ನ ಮೈದುನ ಹೀಗೇ ಜ್ವರ ಬಂದು ತೀರಿಹೋದ ಕಥೆಯನ್ನು ನನಗೆ ವಿವರವಾಗಿ ಹೇಳಿದಳು. ಕಾಯುವ ಜಾಗಗಳಲ್ಲಿ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಡೆಂಗಿ ಇಲ್ಲ, ಮಲೇರಿಯಾ ಇಲ್ಲ ಎಂದು ಬಂತು.

ನನ್ನ ಗಂಡ ಹೆದರಿದರೆ ಮಾತಾಡುವುದಿಲ್ಲ, ಸ್ಕೂಟರ್ ತೊಳೆಯುತ್ತಾರೆ. ಆ ದಿನಗಳಲ್ಲಿ ನಮ್ಮ ಸ್ಕೂಟರು ಶೋರೂಮಿನಿಂದ ಬಂದದ್ದಕ್ಕಿಂತ ಹೊಳೆಯುತ್ತಿತ್ತು. ಒಳಗೆ ಮಲಗಿದವಳಿಗೆ ಬಕೆಟ್ಟಿನ ಸದ್ದು ಕೇಳಿದಾಗಲೆಲ್ಲ ಗೊತ್ತಾಗುತ್ತಿತ್ತು, ಪಾಪ, ಇವರಿಗೆ ನನಗಿಂತ ಹೆಚ್ಚು ಭಯವಾಗಿದೆ ಎಂದು.

ಆಮೇಲೆ ಮುಂಗೈ ಮೇಲೆ, ಕಣಕಾಲಿನ ಮೇಲೆ ಕೆಂಪು ಚುಕ್ಕೆಗಳು ಎದ್ದವು. ಅತ್ತೆ ಕಿಟಕಿಯ ಬೆಳಕಿಗೆ ನನ್ನ ಕೈ ಹಿಡಿದು ನೋಡಿದರು. ನೋಡಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಕೈ ಮುಗಿದರು.

"ಅಮ್ಮ ಬಂದಾಳ."

ಜ್ವರದ ಜೊತೆ ಮೈಮೇಲೆ ಏನಾದರೂ ಎದ್ದರೆ ನಮ್ಮ ಮನೆಗಳಲ್ಲಿ ಅದು ರೋಗವಲ್ಲ, ತಾಯಿಯೇ ಮನೆಗೆ ಬಂದಂತೆ. ಬಂದವಳನ್ನು ತಂಪು ಮಾಡಿ ಸಮಾಧಾನದಿಂದ ಕಳಿಸಬೇಕು. ಬಾಗಿಲಿಗೆ ಬೇವಿನ ಸೊಪ್ಪು ಬಂತು, ಅಡುಗೆ ಮನೆಯಲ್ಲಿ ಒಗ್ಗರಣೆ ನಿಂತಿತು, ಹೊರಗಿನವರು ಒಳಗೆ ಬರುವುದು ನಿಂತಿತು. ಮಾತ್ರೆಯೂ ನಿಂತಿತು. ಮಾತ್ರೆ ಕೊಟ್ಟರೆ ಮನೆಗೆ ಬಂದವಳನ್ನು ಹೊಡೆದು ಓಡಿಸಿದ ಹಾಗೆ. ಅತ್ತೆ ಮಂಚದ ಹಾಸಿಗೆ ತೆಗೆದು, ಎಲ್ಲಕ್ಕಿಂತ ಮಡಿಯಾದದ್ದು ಎಂದು ತಮ್ಮ ಕಂಬಳಿಯನ್ನೇ ಹಾಸಿ, ಅದರ ಮೇಲೆ ಬೇವಿನೆಲೆ ಹರಡಿ ನನ್ನನ್ನು ಮಲಗಿಸಿದರು. ಕಂಬಳಿಯ ಇನ್ನೊಂದು ತುದಿಯಲ್ಲಿ ತಾವು ಕೂತು ಬೇವಿನ ಟೊಂಗೆಯಿಂದ ಗಾಳಿ ಹಾಕಿದರು. ಸುಳ್ಳು ಯಾಕೆ, ನನಗೂ ಸಮಾಧಾನವೇ ಆಯಿತು. ಹೆಸರೇ ಗೊತ್ತಿಲ್ಲದ ಜ್ವರಕ್ಕಿಂತ ಅಮ್ಮ ಎಷ್ಟೋ ಮೇಲು ಅನ್ನಿಸಿತು.

ಇದಕ್ಕೆ ಒಪ್ಪದವಳು ನಸೀಮಾ ಒಬ್ಬಳೇ. ಅವಳನ್ನು ಒಳಗೆ ಬಿಡಲಿಲ್ಲ, ಅವಳು ಕಿಟಕಿಗೆ ಬಂದಳು.

"ಅಕ್ಕಾ, ಅಂಗೈ ತೋರ್ಸು."

ತೋರಿಸಿದೆ. ಚುಕ್ಕೆಗಳು ಅಂಗೈಗೂ ಬಂದಿದ್ದವು. ಕೆಲವು ಕಪ್ಪಗಾಗಿದ್ದವು.

"ಈರಮ್ಮಾ, ಇದು ಜಿದ್ದು ಮಾಡೋ ಹೊತ್ತಲ್ಲ. ದವಾಖಾನಿಗಿ ಕರ್ಕೊಂಡು ಹೋಗೋಣು ನಡೀರಿ. ಅಕ್ಕಾಗ ಏನರ ಆದ್ರ ಏನ್ ಮಾಡ್ತೀರಿ?"

"ಏನೂ ಆಗಬಾರ್ದಂತನಾ ಮನ್ಯಾಗ ಇಟ್ಕೊಂಡೀನಿ," ಎಂದರು ಅತ್ತೆ. "ನಿಂಗ ಗೊತ್ತಾಗಂಗಿಲ್ಲ, ಸುಮ್ನಿರು. ನಮ್ಮ ತಂಗಿ ಗೌರಿಗೆ ಅಮ್ಮ ಬಂದಾಗ ಹಚ್ಚೊಳ್ಳಿಯಿಂದ ಬಂಡಿ ಕಟಗೊಂಡು ಸಿರುಗುಪ್ಪಕ್ಕ ದವಾಖಾನಿಗಿ ಒಯ್ದ್ರು. ದಾರ್ಯಾಗ ನನ್ನ ತೊಡಿ ಮ್ಯಾಲ ಹೋದ್ಲು. ಅಮ್ಮನ್ನ ಹೊಸ್ತಲಾ ದಾಟಿಸಬಾರ್ದಿತ್ತು. ಮತ್ತೊಬ್ಬಾಕಿನ್ನ ನಾ ಕೊಡಂಗಿಲ್ಲ."

ಗೌರಿಯ ವಿಷಯ ನನಗೆ ಅವತ್ತೇ ಗೊತ್ತಾದದ್ದು. ಅತ್ತೆ ಹಟ ಮಾಡುತ್ತಿದ್ದಾರೆ ಎಂದು ಒಳಗೊಳಗೇ ಸ್ವಲ್ಪ ಮುನಿಸಿಕೊಂಡಿದ್ದೆ. ಅದು ಹಟವಲ್ಲ, ಹೆದರಿಕೆ. ಬಂಡಿಯಲ್ಲಿ ತಂಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೋದ ಹುಡುಗಿಯ ಹೆದರಿಕೆ ಈ ವಯಸ್ಸಿಗೂ ಹಾಗೇ ಉಳಿದಿತ್ತು. ನಸೀಮಾ ಕಿಟಕಿಯಿಂದ ಸರಿದು ಹೋದಳು. ಹೊರಗೆ ಮತ್ತೆ ಬಕೆಟ್ಟಿನ ಸದ್ದು ಕೇಳಿತು.

ಅದರ ಮರುದಿನ ಮಧ್ಯಾಹ್ನ ಆದದ್ದು ನನಗೆ ಸರಿಯಾಗಿ ನೆನಪಿಲ್ಲ. ನಾನು ಗಾಳಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದೆನಂತೆ. ಗಂಡನನ್ನು ಯಾರೋ ಮೇಸ್ತ್ರಿ ಎಂದುಕೊಂಡು, ಮಾಲು ಇನ್ನೂ ರೆಡಿ ಇಲ್ಲ, ನಾಳೆ ಬರ್ರಿ ಎಂದು ಕಳಿಸುತ್ತಿದ್ದೆನಂತೆ. ನೀರು ಬಾಯಿಗಿಟ್ಟರೆ ಹೊರಗೆ ಬರುತ್ತಿತ್ತು. ನಡುವೆ ಒಂದು ಸಲ ಮಾತ್ರ ನನಗೆ ಎಚ್ಚರವಿತ್ತು, ಆಗ ಕೇಳಿದ್ದು ಮಾತ್ರ ಮರೆತಿಲ್ಲ. ಅತ್ತೆ ದೇವರ ಕೋಣೆಯ ಹೊಸ್ತಿಲಲ್ಲಿ ನಿಂತು ಜಗಳಕ್ಕೆ ನಿಂತವರ ಹಾಗೆ ಜೋರಾಗಿ ಮಾತಾಡುತ್ತಿದ್ದರು.

"ನೋಡವ್ವಾ, ಗೌರಿನ್ನ ಒಯ್ದಿ, ನಾ ಬಾಯಿ ಬಿಡಲಿಲ್ಲ. ಈಕಿನ್ನ ಕೊಡಂಗಿಲ್ಲ. ದವಾಖಾನಿಗಿ ಕಳಸ್ತೀನಿ. ನಿನಗ ಸಿಟ್ಟು ಬರ್ತೈತಿ, ಗೊತ್ತೈತಿ. ಬಂದ್ರ ನನ್ನ ಮ್ಯಾಲ ಬಾ. ತಪ್ಪು ನಂದು, ಆಕಿದಲ್ಲ. ನನ್ನ ಹಿಡಿ, ಆಕಿನ್ನ ಬಿಡು."

ಆಮೇಲೆ ಹೊರಗೆ ಬಂದು ಮಗನಿಗೆ ಕೂಗಿದರು. "ಲೇ ಬಸ್ಯಾ, ಆ ಗಾಡಿ ತೊಳಿಯೋದು ಬಿಟ್ಟು ಆಟೋ ಕರಿ."

ಆಟೋದಲ್ಲಿ ನನ್ನ ತಲೆ ಅತ್ತೆಯ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವರ ಕೈ ನನ್ನ ಮೂಗಿನ ಹತ್ತಿರವೇ ಇತ್ತು, ಉಸಿರು ನೋಡುತ್ತ. ಅವರು ಅವತ್ತು ಎಷ್ಟು ದೂರ ಹೋದರು ಎಂದು ನನಗೆ ಮಾತ್ರ ಗೊತ್ತು. ಪಾರ್ವತಿನಗರದಿಂದ ಕಂಟೋನ್ಮೆಂಟಿನ ಆಸ್ಪತ್ರೆಗೆ ಹೆಚ್ಚು ದೂರವಿಲ್ಲ, ಆದರೆ ಅವರು ಇನ್ನೊಮ್ಮೆ ಸಿರುಗುಪ್ಪದ ಬಂಡಿ ಹತ್ತಿದ್ದರು.

ಆಸ್ಪತ್ರೆಯಲ್ಲಿ ಮಂಚ ಖಾಲಿಯಾಗುವ ತನಕ ಬೆಂಚಿನ ಮೇಲೆ ಮಲಗಿಸಿದರು. ಬೆಂಚಿನ ಮೇಲೆ ಮೊದಲೇ ಒಬ್ಬ ಮುದುಕಿ ಕೂತಿದ್ದಳು. ಗಡಿಯಾಚೆ ಆಲೂರು ಕಡೆಯವಳಿರಬೇಕು, ಅಚ್ಚ ತೆಲುಗು. ನನಗೆ ಜಾಗ ಬಿಟ್ಟು ತಾನು ನೆಲಕ್ಕೆ ಇಳಿದಳು. "ಏಂ ಕಾದು ತಲ್ಲಿ, ತಗ್ಗಿಪೋತುಂದಿ" ಎನ್ನುತ್ತ, ಏನೂ ಆಗುವುದಿಲ್ಲ ಎಂದು ಮಗುವಿಗೆ ಹೇಳುವ ಹಾಗೆ ಹೇಳುತ್ತ, ಗಂಡನಿಗೆಂದು ತಂದಿಟ್ಟ ಎಳನೀರನ್ನು ಚಮಚದಲ್ಲಿ ನನ್ನ ತುಟಿಗೆ ಹಚ್ಚಿದಳು. ಅಷ್ಟು ಹೊತ್ತಿನಲ್ಲಿ ನನ್ನ ಹೊಟ್ಟೆಯಲ್ಲಿ ನಿಂತದ್ದು ಆ ನೀರೊಂದೇ. ಅವಳ ಗಂಡನಿಗೆ ಏನಾಗಿತ್ತು, ಅವನು ಎದ್ದನೇ, ನನಗೆ ಗೊತ್ತಿಲ್ಲ. ಹೆಸರೂ ಕೇಳಲಿಲ್ಲ. ಎಳನೀರು ಕಂಡಾಗಲೆಲ್ಲ ಅವಳಿಗೆ ಒಳ್ಳೆಯದಾಗಲಿ ಅಂದುಕೊಳ್ಳುತ್ತೇನೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಚುರುಕು. ಅಂಗೈ ನೋಡಿದರು, ಅಂಗಾಲು ನೋಡಿದರು. ಗ್ಲೂಕೋಸ್ ಹತ್ತಿ ನಾನು ಸ್ವಲ್ಪ ಎಚ್ಚರವಾಗಿದ್ದೆ.

"ಮನ್ಯಾಗ ನಾಯಿ, ಕುರಿ, ದನ ಅದಾವೇನ್ರಿ? ಮೈಗೆ ಉಣ್ಣಿ ಕಚ್ಚಿದ್ದು ನೆನಪೈತೇನು?"

ನನಗೆ ಆ ಸ್ಥಿತಿಯಲ್ಲೂ ಸಿಟ್ಟು ಬಂತು. "ಉಣ್ಣಿ ಕಚ್ಚಾಕ ನಾನೇನು ಎಮ್ಮಿ ಏನ್ರಿ?"

ಅವರು ನಕ್ಕರು, ಆದರೆ ಹುಡುಕುವುದು ಬಿಡಲಿಲ್ಲ. ಕಿವಿಯ ಹಿಂದೆ, ಕೂದಲ ಬುಡದಲ್ಲಿ, ಕಂಕುಳಲ್ಲಿ, ಮೊಣಕಾಲ ಹಿಂದೆ. ಕಡೆಗೆ ಲಂಗದ ಲಾಡಿ ಸಡಿಲಿಸಿದರು. ಸೊಂಟದಲ್ಲಿ ಲಾಡಿ ಬಿಗಿಯುವ ಜಾಗದಲ್ಲಿ ಕಡಲೆಬೇಳೆಯಷ್ಟು ಅಗಲದ ಕರಿ ಹಕ್ಕಳೆ ಇತ್ತು. ಅದು ನನಗೆ ಗೊತ್ತಿತ್ತು. ಸೀರೆ ಉಡುವ ಹೆಂಗಸರ ಸೊಂಟದಲ್ಲಿ ಲಾಡಿ ಒತ್ತಿ ಕಪ್ಪಾಗುವುದು, ಒಮ್ಮೊಮ್ಮೆ ಹುಣ್ಣಾಗುವುದು ಇದ್ದದ್ದೇ. ಅದನ್ನೂ ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

"ಲಾಡಿ ಗಾಯಾ ಅದು" ಎಂದೆ.

"ಅಲ್ರೀ. ಇಲ್ಲೇ ಕಚ್ಚೇತಿ. ನಿಮ್ಮ ಜ್ವರ ಇಲ್ಲಿಂದಾನಾ ಬಂದೈತಿ." ನರ್ಸಿನ ಕಡೆ ತಿರುಗಿ ಔಷಧದ ಹೆಸರು ಹೇಳಿದರು. ನನ್ನ ಗಂಡ ಬಾಗಿಲಲ್ಲಿ ನಿಂತು, ರಿಪೋರ್ಟ್ ಬಂದ ಮೇಲೆ ಶುರು ಮಾಡುತ್ತೀರಾ ಎಂದು ಕೇಳಿದರು. "ರಿಪೋರ್ಟ್ ಬರ್ತೈತಿ, ಬರಲಿ. ಅಲ್ಲಿ ತನಕ ಕಾಯೋದು ಬ್ಯಾಡ. ಈಗಾಗ್ಲೇ ತಡಾ ಆಗೇತಿ" ಎಂದರು ಡಾಕ್ಟರಮ್ಮ. ಆ ಒಂದು ಮಾತಿಗೆ ನಾನು ಬದುಕಿರುವ ತನಕ ಋಣಿ.

ಇಷ್ಟು ದೊಡ್ಡ ಜ್ವರಕ್ಕೆ ಇಷ್ಟು ಸಣ್ಣ ಗುಳಿಗೆಯೇ ಎಂದು ಅನುಮಾನಪಟ್ಟೆ. ಗುಳಿಗೆ ನನ್ನ ಅನುಮಾನಕ್ಕೆ ಕಾಯಲಿಲ್ಲ, ಕೆಲಸ ಮಾಡಿತು. ಒಂದು ಬೆಳಗ್ಗೆ ಎಚ್ಚರವಾದಾಗ ಕಣ್ಣ ಹಿಂದಿನ ಹೆಬ್ಬೆರಳು ಇರಲಿಲ್ಲ. ಹೊಟ್ಟೆ ಹಸಿದಿತ್ತು. ರೊಟ್ಟಿ, ಶೇಂಗಾ ಚಟ್ನಿ ಬೇಕು ಎಂದೆ. ನನ್ನ ಗಂಡ ಹೂಂ ಎಂದು ಎದ್ದು ಹೊರಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಸೀಮಾ ಹೋಗಿ ನೋಡಿದರೆ ಕಾರಿಡಾರಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದರಂತೆ.

ಉಣ್ಣಿ ಬಂದದ್ದೆಲ್ಲಿಂದ ಎಂಬ ಪ್ರಶ್ನೆ ಉಳಿದಿತ್ತು. ಗುಡ್ಡ ಸುತ್ತಿದ್ದು ಇಬ್ಬರೂ, ಕಚ್ಚಿದ್ದು ನನಗೊಬ್ಬಳಿಗೇ. ನಸೀಮಾ ನನ್ನ ಮಂಚದ ಪಕ್ಕ ಕೂತು ಯೋಚನೆ ಮಾಡಿ ಮಾಡಿ, "ಅಕ್ಕಾ, ಕಂಬಳಿ!" ಎಂದಳು. ಅವತ್ತೇ ಅವಳು ಮತ್ತು ನನ್ನ ಗಂಡ ಕಂಬಳಿಯನ್ನು ಮಾಳಿಗೆಗೆ ಒಯ್ದು, ಪ್ಯಾಂಟಿನ ಜೇಬಿಗೆ ಹಾಕುವ ಬಿಳಿ ಬಟ್ಟೆ ಹರಡಿ, ಅದರ ಮೇಲೆ ಕೊಡವಿದರು. ಬಿಳಿ ಬಟ್ಟೆಯ ಮೇಲೆ ಕಂದು ಕಾಳುಗಳು ಬಿದ್ದವು. ಬಿದ್ದ ಕಾಳುಗಳು ನಡೆಯತೊಡಗಿದವು. ಅತ್ತೆ ಮಾಳಿಗೆಯ ಮೆಟ್ಟಿಲ ಮೇಲೆ ನಿಂತು ನೋಡಿದರಂತೆ. ನೋಡಿ, "ನನ್ನ ಕೈಲೇ ಹಾಸೀನಲ್ಲ" ಎಂದು ಇಷ್ಟೇ ಹೇಳಿ ಇಳಿದು ಹೋದರಂತೆ.

ನಾನು ಗುಡ್ಡ ಬಿಟ್ಟಿಲ್ಲ. ಬಿಡುವ ಮಾತೇ ಇಲ್ಲ. ಆದರೆ ಈಗ ಪ್ಯಾಂಟು ಹಾಕಿಕೊಳ್ಳುತ್ತೇನೆ, ನಾನೇ ಕತ್ತರಿಸಿದ್ದು. ಹುಳ ಹತ್ತಿದರೆ ಕಾಣಲೆಂದು ತಿಳಿ ಬಣ್ಣದ ಬಟ್ಟೆ, ಕಾಲಿಗೆ ಬೂಟು, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ನೋಡಿದವರು ನಗುತ್ತಾರೆ, ನಗಲಿ. ಕುರಿ ನಾಯಿ ಮಲಗುವ ನೆರಳಿಗೆ ಹೋಗುವುದಿಲ್ಲ, ಗಿಡಗಳಲ್ಲಿ ನುಗ್ಗುವುದಿಲ್ಲ, ಬಿಸಿಲು ಬಿದ್ದ ಬರೀ ಬಂಡೆಯ ಮೇಲೆ ನಸೀಮಾಳ ಪ್ಲಾಸ್ಟಿಕ್ ಹಾಳೆಯಲ್ಲೇ ಜಾಗ ಕೇಳುತ್ತೇನೆ. "ಬಾ, ನವಾಬರ ಮಗಳೇ" ಎಂದು ಈಗ ಅವಳು ಕಾಡಿಸುತ್ತಾಳೆ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನಾನು ಬಚ್ಚಲಿಗೆ. ಕಿವಿಯ ಹಿಂದೆ, ಕಂಕುಳಲ್ಲಿ, ಮೊಣಕಾಲ ಸಂದಿಯಲ್ಲಿ, ಸೊಂಟದ ಸುತ್ತ ಬೆರಳಾಡಿಸಿ ನೋಡುತ್ತೇನೆ. ಕಚ್ಚಿಕೊಂಡದ್ದು ಸಿಕ್ಕರೆ ಸುಡುವುದು, ಎಣ್ಣೆ ಹಚ್ಚುವುದು ಮಾಡಬೇಡಿ, ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ ಎಂದು ಡಾಕ್ಟರಮ್ಮ ತೋರಿಸಿಕೊಟ್ಟಿದ್ದಾರೆ. ಜ್ವರ ಬಂದರೆ ಎಲ್ಲೆಲ್ಲಿ ಕೂತಿದ್ದೆವು ಎಂದು ಕೇಳುವ ಮುಂಚೆಯೇ ಹೇಳಬೇಕಂತೆ. ನಾನು ಹೇಳಿರಲಿಲ್ಲ, ಏಕೆಂದರೆ ನನ್ನ ಪ್ರಕಾರ ನಾನು ಕೂತದ್ದು ಮಡಿಯ ಮೇಲೆ.

ಇದೆಲ್ಲ ರೂಢಿಯಾದದ್ದು ಆಮೇಲೆ. ಆಸ್ಪತ್ರೆಯಿಂದ ಮನೆಗೆ ಬಂದ ಹೊಸತರಲ್ಲಿ ನನಗೆ ಎದ್ದು ನಡೆಯುವ ಶಕ್ತಿಯೂ ಇರಲಿಲ್ಲ. ಅತ್ತೆ ನನಗೆ ಗಂಜಿ ಕುಡಿಸುತ್ತಿದ್ದರು, ಹೊತ್ತು ಹೊತ್ತಿಗೆ ಗುಳಿಗೆ ನುಂಗಿಸುತ್ತಿದ್ದರು. ಹಾಗೆ ಗುಳಿಗೆ ಕೊಡಲು ಬಂದಾಗಲೇ ಒಂದು ದಿನ ಅವರ ಬೆರಳು ನನ್ನ ತುಟಿಗೆ ತಾಗಿತು. ಸುಡುತ್ತಿತ್ತು.

ಅವರೂ ಅದೇ ಕಂಬಳಿಯ ಮೇಲೆ ಕೂತವರು, ಮಲಗಿದವರು. ಕೂಡಲೇ ಗಂಡ ಅವರನ್ನು ಕಂಟೋನ್ಮೆಂಟಿಗೆ ಕರೆದೊಯ್ದರು. ಅತ್ತೆ ಆಶ್ಚರ್ಯವಾಗುವಷ್ಟು ಸುಮ್ಮನೆ ಹೋದರು, ರಕ್ತ ಕೊಟ್ಟರು, ಅವೇ ಗುಳಿಗೆ ಇಸಿದುಕೊಂಡು ಬಂದರು. ಬೇಗ ತಿಳಿದದ್ದು ಒಳ್ಳೆಯದಾಯಿತು, ಹೆದರಬೇಡಿ, ಆದರೆ ಒಂದೂ ತಪ್ಪಿಸಬಾರದು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ನನಗೆ ನಿರಾಳವಾಯಿತು.

ಆದರೆ ಜ್ವರ ಇಳಿಯಲಿಲ್ಲ. ಗುಳಿಗೆ ಶುರುವಾಗಿ ನನಗೆ ಇಳಿದಷ್ಟು ಹೊತ್ತು ಅವರಿಗೂ ಕಳೆದುಹೋಯಿತು. ಅವರ ಮುಂಗೈಗೆ ಚುಕ್ಕೆ ಬಂದವು. ಮತ್ತೆ ಆಸ್ಪತ್ರೆಗೆ ಹೋಗೋಣ ಎಂದರೆ ನಾಳೆ ನೋಡೋಣು ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅವರು ಜ್ವರದಲ್ಲಿ ಮಂಪರು ಹತ್ತಿ ಮಲಗಿದ್ದಾಗ ನಾನು ಬೆವರು ಒರೆಸಲು ಅವರ ಸೆರಗು ಎಳೆದೆ. ಸೆರಗಿನ ತುದಿಯಲ್ಲಿ ಗಂಟು ಇತ್ತು. ಎಲೆ ಅಡಿಕೆ ಇರಬೇಕು ಎಂದು ಬಿಚ್ಚಿದೆ. ನಾವು ಕೊಟ್ಟ ಗುಳಿಗೆಗಳೆಲ್ಲ ಅದರಲ್ಲಿದ್ದವು.

"ಇದೇನ್ರಿ ಅತ್ತೀ?"

ಅತ್ತೆ ಕಣ್ಣು ಬಿಟ್ಟರು. ಗಾಬರಿಯಾಗಲಿಲ್ಲ. ಸಿಕ್ಕಿಬಿದ್ದೆ ಎಂಬ ನಾಚಿಕೆಯೂ ಇರಲಿಲ್ಲ.

"ಅವತ್ತು ಅಮ್ಮಗ ಮಾತು ಕೊಟ್ಟೀನಿ, ಸುಮಾ. ನನ್ನ ಹಿಡಿ, ಆಕಿನ್ನ ಬಿಡು ಅಂದಿದ್ದೆ. ನಿನ್ನ ಬಿಟ್ಟಾಳ, ನನ್ನ ಹಿಡದಾಳ. ಕೇಳಿದ್ದು ಕೊಟ್ಟಾಳ ಪಾಪ. ಈಗ ನಾನೂ ಗುಳಿಗಿ ನುಂಗಿ ತಪ್ಪಿಸ್ಕೊಂಡ್ರ ತಿರಿಗಿ ನಿನ್ನ ಮ್ಯಾಲ ಬರ್ತಾಳ. ದವಾಖಾನಿಗಿ ಹೋಗಿದ್ದು ನಿಮ್ಮ ಸಮಾಧಾನಕ್ಕ."

"ಇದು ಅಮ್ಮ ಅಲ್ರಿ ಅತ್ತೀ. ಉಣ್ಣಿ. ಮಾಳಿಗಿ ಮ್ಯಾಲ ನೀವೂ ನೋಡೀರಿ."

"ನೋಡೀನಿ. ಆ ಉಣ್ಣಿ ಕಳಿಸಿದಾಕಿ ಯಾರು?"

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನನ್ನ ಜೀವ ಉಳಿಯಲಿ ಎಂದು ಈ ಹೆಂಗಸು ಸದ್ದಿಲ್ಲದೆ ಸಾಯಲು ಕೂತಿದ್ದಾಳೆ, ಅದೂ ದಿನಾ ನನಗೆ ಗಂಜಿ ಕುಡಿಸುತ್ತ. ತಾಯಿ ಕೂಡ ಇಷ್ಟು ಮಾಡುತ್ತಿದ್ದಳೋ ಇಲ್ಲವೋ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಇವರ ಜೊತೆ ಜಗಳವಾಡಿದ್ದೇನೆ. ನನ್ನ ಮೇಲೆ ಇಷ್ಟು ಪ್ರೀತಿ ಇದೆ ಎಂದು ಇವರು ಒಂದು ದಿನವೂ ಹೇಳಿರಲಿಲ್ಲ.

ನನ್ನ ಗುಳಿಗೆಗಳು ಇನ್ನೂ ಮುಗಿದಿರಲಿಲ್ಲ. ಆ ಹೊತ್ತಿನದನ್ನು ತಂದು ಅವರ ಅಂಗೈಯಲ್ಲಿಟ್ಟೆ. ಪಕ್ಕದಲ್ಲಿ ಅವರದೂ ಒಂದು ಇಟ್ಟೆ. ನೋಡಲು ಎರಡೂ ಒಂದೇ.

"ನೀವು ನುಂಗೋ ತನಕ ನಾನೂ ನುಂಗಂಗಿಲ್ಲ."

"ಹುಚ್ಚಿ ಹಂಗ ಮಾಡಬ್ಯಾಡ. ಒಂದೂ ತಪ್ಪಿಸಬಾರ್ದಂತ ಡಾಕ್ಟರಮ್ಮ ಹೇಳ್ಯಾಳ."

"ನಿಮಗೂ ಹೇಳ್ಯಾಳ."

"ನಾ ಮುದುಕಿ ಅದೀನಿ. ಇದ್ರೇನು, ಹೋದ್ರೇನು?"

"ಇದ್ರೇನು ಅಂತ ನನ್ನ ಕೇಳ್ರಿ, ಹೇಳ್ತೀನಿ."

ಅವರು ನನ್ನ ಗುಳಿಗೆಯನ್ನು ನನ್ನ ಬಾಯಿಗೆ ತಂದರು. ನಾನು ತುಟಿ ಬಿಗಿದು ಕೂತೆ. ಗದ್ದ ಹಿಡಿದು ತೆರೆಸಲು ನೋಡಿದರು, ಆ ಜ್ವರದ ಕೈಯಲ್ಲಿ ಶಕ್ತಿ ಎಲ್ಲಿತ್ತು? ಬೈದರು. ನಿಮ್ಮಪ್ಪ ನಿನಗೆ ಬುದ್ಧಿ ಕಲಿಸಲಿಲ್ಲ ಎಂದರು. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಬಿಡಲಿಲ್ಲ. ಅವರು ನನ್ನ ಮುಖವನ್ನು, ಅಂಗೈಯನ್ನು, ಮತ್ತೆ ನನ್ನ ಮುಖವನ್ನು ನೋಡಿದರು. ಕಡೆಗೆ ತಮ್ಮ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ನುಂಗಿದ್ದನ್ನು ತೋರಿಸಲು ನಾಲಿಗೆ ಚಾಚಿದರು. ಆಮೇಲೆ ನನ್ನದನ್ನು ನನ್ನ ಬಾಯಿಗೆ ಹಾಕಿದರು.

ಹಾಕಿ, ಗೋಡೆ ಹಿಡಿದು ಎದ್ದು, ದೇವರ ಕೋಣೆಯ ಕಡೆ ತಿರುಗಿ ಸೆರಗು ತಲೆಯ ಮೇಲೆ ಎಳೆದುಕೊಂಡರು.

"ಸೊಸಿ ಬಾಳ ಹಟಮಾರಿ ಅದಾಳವ್ವಾ, ನನ್ನ ಮಾತು ಕೇಳಂಗಿಲ್ಲ. ನಾ ಏನ್ ಮಾಡ್ಲಿ? ಕೊಟ್ಟ ಮಾತು ತಪ್ಪೀನಿ. ಇಬ್ಬರನ್ನೂ ಬಿಟ್ಟುಬಿಡು."

ಆಕೆ ಬಿಟ್ಟಳು.